ಎಡಿಎಚ್‌ಡಿ ಇರುವ ಮಗು: ಬೆಂಗಳೂರಿನ ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಯ ಡೈರಿಯಲ್ಲಿ ಕೆಂಪು ಶಾಯಿಯ ಟಿಪ್ಪಣಿ ಮೂರನೆಯ ಸಲ ಬಂದ ಮೇಲೆ, ಅಥವಾ ಪೋಷಕರ ಸಭೆಯಲ್ಲಿ ಟೀಚರು ದನಿ ತಗ್ಗಿಸಿ ‘ಒಮ್ಮೆ ಯಾರಿಗಾದರೂ ತೋರಿಸಿ’ ಎಂದ ಮೇಲೆ ಹೆಚ್ಚಿನ ತಂದೆತಾಯಿಗಳು ಈ ವಿಷಯವನ್ನು ಹುಡುಕಲು ತೊಡಗುತ್ತಾರೆ. ಅವರು ಕೇಳುವ ಪ್ರಶ್ನೆಗಳನ್ನು, ಅವರು ಕೇಳುವ ಮಾತಿನಲ್ಲಿಯೇ, ಇಲ್ಲಿ ತೆಗೆದುಕೊಳ್ಳಲಾಗಿದೆ. ಇದನ್ನು ಓದಿ ಮಗುವಿಗೆ ಎಡಿಎಚ್‌ಡಿ ಇದೆಯೆಂದೋ ಇಲ್ಲವೆಂದೋ ಮನೆಯಲ್ಲಿಯೇ ತೀರ್ಮಾನಿಸಬಾರದು. ಆ ಕೆಲಸ ತಜ್ಞರದು.

ಎಡಿಎಚ್‌ಡಿ ಎಂದರೆ ಏನು? ಇದಕ್ಕೆ ಕನ್ನಡದಲ್ಲಿ ಹೆಸರಿಲ್ಲವೇ?

ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎಂದು ಕನ್ನಡದಲ್ಲಿ ಬರೆಯುವುದುಂಟು. ಆದರೆ ಆಸ್ಪತ್ರೆಯ ಚೀಟಿಯಲ್ಲಿಯೂ ಮನೆಮಾತಿನಲ್ಲಿಯೂ ಬಳಕೆಯಲ್ಲಿರುವುದು ಎಡಿಎಚ್‌ಡಿ ಎಂಬ ಹೆಸರೇ ಆದ್ದರಿಂದ ಇಲ್ಲಿಯೂ ಅದನ್ನೇ ಇಟ್ಟುಕೊಂಡಿದ್ದೇವೆ. ‘ಗಮನದ ಕೊರತೆ’ ಎಂಬ ಮಾತು ಸ್ವಲ್ಪ ದಾರಿ ತಪ್ಪಿಸುತ್ತದೆ ಎಂಬುದೂ ಇದಕ್ಕೆ ಒಂದು ಕಾರಣ. ಈ ಮಕ್ಕಳಲ್ಲಿ ಗಮನಕ್ಕೆ ಬರವಿಲ್ಲ. ಅದನ್ನು ಬೇಕಾದ ಹೊತ್ತಿಗೆ ಬೇಕಾದ ಕಡೆಗೆ ತಿರುಗಿಸಿ, ಬೇಕಾದಷ್ಟು ಕಾಲ ಹಿಡಿದಿಡುವುದು ಅವರಿಗೆ ಕಷ್ಟ.

ಇದು ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ. ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ 1902ರಲ್ಲಿಯೇ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ನೀಡಿದ್ದರು; ಈಗಿನ ಹೆಸರು ಬಂದದ್ದು 1987ರಲ್ಲಿ. 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮಕ್ಕಳ ಮೆದುಳಿನ ಚಿತ್ರಗಳನ್ನು ವರ್ಷಗಳ ಕಾಲ ಹೋಲಿಸಿ ನೋಡಿದಾಗ, ಮೆದುಳಿನ ಹೊರಪದರ ಬಲಿಯುವ ಒಂದು ಹಂತವನ್ನು ಎಡಿಎಚ್‌ಡಿ ಇರುವ ಮಕ್ಕಳು ಉಳಿದವರಿಗಿಂತ ಸುಮಾರು ಮೂರು ವರ್ಷ ತಡವಾಗಿ ಮುಟ್ಟುತ್ತಾರೆ ಎಂದು ತಿಳಿದುಬಂತು. ಯೋಜಿಸುವ, ತಡೆದುಕೊಳ್ಳುವ ಕೆಲಸಗಳನ್ನು ನೋಡಿಕೊಳ್ಳುವ ಹಣೆಯ ಹಿಂದಿನ ಭಾಗದಲ್ಲಿ ಈ ವಿಳಂಬ ಹೆಚ್ಚಾಗಿತ್ತು. ಹಾಗಾಗಿ ಹತ್ತು ವರ್ಷದ ಮಗು ಕೆಲವು ವಿಷಯಗಳಲ್ಲಿ ಏಳು ವರ್ಷದ ಮಗುವಿನಂತೆ ನಡೆದುಕೊಂಡರೆ ಅದು ನಟನೆಯಲ್ಲ.

ಈ ಪುಟದ ಉಳಿದೆಲ್ಲ ಉತ್ತರಗಳೂ ಒಂದು ಮಾತಿನ ಮೇಲೆ ನಿಂತಿವೆ. ಏನು ಮಾಡಬೇಕು ಎಂಬುದು ಈ ಮಕ್ಕಳಿಗೆ ಸಾಮಾನ್ಯವಾಗಿ ಗೊತ್ತಿರುತ್ತದೆ. ಮಾಡಬೇಕಾದ ಆ ಗಳಿಗೆಯಲ್ಲಿ ಅದನ್ನು ಮಾಡಲು ಆಗುವುದಿಲ್ಲ. ಆದ್ದರಿಂದ ಉಪದೇಶದಿಂದ ಆಗುವ ಪ್ರಯೋಜನ ಅಲ್ಪ. ಕೆಲಸ ನಡೆಯುವ ಜಾಗದಲ್ಲಿ, ಕೆಲಸ ನಡೆಯುವ ಹೊತ್ತಿನಲ್ಲಿ ಒದಗುವ ಆಸರೆಯಿಂದ ಆಗುವ ಪ್ರಯೋಜನ ಹೆಚ್ಚು.

ಕಾರ್ಟೂನ್ ಹಾಕಿದರೆ ಎರಡು ಗಂಟೆ ಅಲುಗಾಡದೆ ಕೂರುತ್ತಾನೆ. ಹಾಗಿದ್ದ ಮೇಲೆ ಗಮನವಿಲ್ಲ ಎನ್ನುವುದು ಹೇಗೆ?

ಬಹುಶಃ ಅತಿ ಹೆಚ್ಚು ಸಲ ಕೇಳಿಬರುವ ಪ್ರಶ್ನೆ ಇದೇ, ಮತ್ತು ಇದನ್ನು ಕೇಳುವವರು ಸಾಮಾನ್ಯವಾಗಿ ತಂದೆಯರು. ಕಾರ್ಟೂನ್ ಅಥವಾ ವಿಡಿಯೊ ಗೇಮ್ ಕ್ಷಣಕ್ಷಣಕ್ಕೂ ಹೊಸದನ್ನು ಒಡ್ಡುತ್ತದೆ, ತಕ್ಷಣವೇ ಫಲ ಕೊಡುತ್ತದೆ; ಅಲ್ಲಿ ಗಮನವನ್ನು ಹಿಡಿದಿಡುವ ಕೆಲಸವನ್ನು ಪರದೆಯೇ ಮಾಡುತ್ತದೆ. ಮಗ್ಗಿ ಬರೆಯುವಾಗ ಆ ಕೆಲಸವನ್ನು ಮಗುವೇ ಮಾಡಬೇಕು. ಮನಸ್ಸಿಗೆ ಒಗ್ಗದ, ಫಲ ದೂರದಲ್ಲಿರುವ ಕೆಲಸದ ಮುಂದೆ ಮಗು ಎಷ್ಟು ಹೊತ್ತು ನಿಲ್ಲಬಲ್ಲದು ಎಂಬುದನ್ನು ನೋಡಬೇಕೇ ಹೊರತು, ಇಷ್ಟವಾದುದರ ಮುಂದೆ ಎಷ್ಟು ಹೊತ್ತು ಕೂರುತ್ತದೆ ಎಂಬುದನ್ನಲ್ಲ.

ಮಕ್ಕಳೆಂದ ಮೇಲೆ ತುಂಟತನ ಇದ್ದದ್ದೇ. ಎಲ್ಲಿಂದಾಚೆಗೆ ಅದು ಎಡಿಎಚ್‌ಡಿ?

ಕಾಲಿಗೆ ಚಕ್ರ ಕಟ್ಟಿಕೊಂಡಂತೆ ಓಡಾಡುವ ಮಕ್ಕಳೆಲ್ಲರಿಗೂ ಎಡಿಎಚ್‌ಡಿ ಇರುವುದಿಲ್ಲ. ತಜ್ಞರು ಬಳಸುವ ಮಾನದಂಡದಲ್ಲಿ ಗಮನಕ್ಕೆ ಸಂಬಂಧಿಸಿದ ಒಂಬತ್ತು ಲಕ್ಷಣಗಳೂ, ಚಟುವಟಿಕೆ ಮತ್ತು ದುಡುಕುತನಕ್ಕೆ ಸಂಬಂಧಿಸಿದ ಒಂಬತ್ತು ಲಕ್ಷಣಗಳೂ ಇವೆ. ಯಾವುದಾದರೂ ಒಂದು ಗುಂಪಿನ ಕನಿಷ್ಠ ಆರು ಲಕ್ಷಣಗಳು ಆರು ತಿಂಗಳಿಗೂ ಹೆಚ್ಚು ಕಾಲ, ವಯಸ್ಸಿಗೆ ಮೀರಿದ ಪ್ರಮಾಣದಲ್ಲಿ ಇರಬೇಕು. ಹನ್ನೆರಡು ವರ್ಷಕ್ಕೆ ಮುಂಚೆಯೇ ಕೆಲವಾದರೂ ಕಾಣಿಸಿಕೊಂಡಿರಬೇಕು. ಮನೆ ಮತ್ತು ಶಾಲೆಯಂಥ ಎರಡು ಕಡೆಗಳಲ್ಲಾದರೂ ಇರಬೇಕು. ಮಗುವಿನ ಓದಿಗೋ ಗೆಳೆತನಕ್ಕೋ ಮನೆಯ ಬದುಕಿಗೋ ಅಡ್ಡಿಯಾಗುತ್ತಿರಬೇಕು. ಮನೆಯಲ್ಲಿ ಮಾತ್ರ ರಂಪ ಮಾಡಿ ಶಾಲೆಯಲ್ಲಿ ತಣ್ಣಗಿರುವ ಮಗುವಿನಲ್ಲಿ, ಅಥವಾ ಕಳೆದ ಜೂನ್‌ನಲ್ಲಿ ಶಾಲೆ ಬದಲಾದ ಮೇಲಷ್ಟೇ ಹೀಗಾದ ಮಗುವಿನಲ್ಲಿ, ಮೊದಲು ಬೇರೆ ಕಾರಣಗಳನ್ನು ಹುಡುಕಬೇಕು.

ವಯಸ್ಸಿನ ಮಾತನ್ನೂ ಮರೆಯಬಾರದು. ಒಂದೇ ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕ ವಯಸ್ಸಿನ ಮಕ್ಕಳಿಗೆ ಎಡಿಎಚ್‌ಡಿ ಎಂಬ ಹಣೆಪಟ್ಟಿ ಬೀಳುವುದು ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ಒಂದನೆಯ ತರಗತಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮವನ್ನು ನಮ್ಮಲ್ಲಿ ಅನೇಕರು ಶಪಿಸುತ್ತಾರೆ. ಈ ದೃಷ್ಟಿಯಿಂದ ನೋಡಿದರೆ ಆ ನಿಯಮ ಮಕ್ಕಳಿಗೆ ಉಪಕಾರವನ್ನೇ ಮಾಡುತ್ತದೆ.

ನಮ್ಮ ಮಗಳು ಗಲಾಟೆಯೇ ಮಾಡುವುದಿಲ್ಲ, ಕಿಟಕಿಯಾಚೆ ನೋಡುತ್ತ ಕೂರುತ್ತಾಳೆ. ಅವಳಿಗೂ ಇರಬಹುದೇ?

ಇರಬಹುದು. ಗಮನದ ತೊಂದರೆ ಮಾತ್ರ ಇದ್ದು ಚಟುವಟಿಕೆ ಹೆಚ್ಚಿರದ ಮಕ್ಕಳು ಯಾರ ಕಣ್ಣಿಗೂ ಬೀಳುವುದಿಲ್ಲ, ಮತ್ತು ಹೀಗೆ ತಪ್ಪಿಹೋಗುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಐವತ್ತು ಮಕ್ಕಳಿರುವ ತರಗತಿಯಲ್ಲಿ ಗಲಾಟೆ ಮಾಡದ ಮಗುವನ್ನು ಟೀಚರು ಗಮನಿಸದಿರುವುದು ಸಹಜವೇ. ‘ಮಂಕು’, ‘ಕನಸುಗಣ್ಣಿನ ಹುಡುಗಿ’, ‘ಸೋಮಾರಿ’ ಎಂಬ ಹೆಸರುಗಳನ್ನು ಹೊತ್ತು ಹೈಸ್ಕೂಲಿನವರೆಗೂ ಹೇಗೋ ಸಾಗಿಬಂದು, ವಿಷಯಗಳ ಭಾರ ಏರಿದಾಗ ಒಮ್ಮೆಲೇ ಕುಸಿಯುವ ಹುಡುಗಿಯರು ಇದ್ದಾರೆ. ಆ ಹೊತ್ತಿಗೆ ತನ್ನಿಂದ ಏನೂ ಆಗದೆಂಬ ನಂಬಿಕೆ ಅವರಲ್ಲಿ ಬೇರೂರಿರುತ್ತದೆ, ಅದನ್ನು ಕಳಚುವುದು ಎಡಿಎಚ್‌ಡಿಯನ್ನು ನಿಭಾಯಿಸುವುದಕ್ಕಿಂತ ಕಷ್ಟ.

ಇದು ನಾವು ಬೆಳೆಸಿದ ರೀತಿಯಿಂದ ಬಂದದ್ದೇ? ಮೊಬೈಲು, ಚಾಕಲೇಟು, ಇಬ್ಬರೂ ಕೆಲಸಕ್ಕೆ ಹೋಗುವುದು ಕಾರಣವೇ?

ಇವಾವುದೂ ಎಡಿಎಚ್‌ಡಿಯನ್ನು ಹುಟ್ಟಿಸುವುದಿಲ್ಲ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಈ ಸ್ಥಿತಿಯಲ್ಲಿ ವಂಶವಾಹಿಗಳ ಪಾಲು ಶೇಕಡ 70ರಿಂದ 80ರಷ್ಟು, ಅಂದರೆ ಹೆಚ್ಚುಕಡಿಮೆ ಎತ್ತರದ ವಿಷಯದಲ್ಲಿ ಇರುವಷ್ಟು. ‘ಇವರಪ್ಪನೂ ಚಿಕ್ಕಂದಿನಲ್ಲಿ ಹೀಗೇ ಇದ್ದ, ಈಗ ಚೆನ್ನಾಗಿಲ್ಲವೇ’ ಎಂದು ಅಜ್ಜಿ ಹೇಳಿದಾಗ, ಏನೂ ಇಲ್ಲ ಎಂದು ಸಾಧಿಸಲು ಹೊರಟ ಅವರು ತಮಗೆ ಅರಿವಿಲ್ಲದೆಯೇ ವೈದ್ಯರಿಗೆ ಬೇಕಾದ ಮುಖ್ಯ ಮಾಹಿತಿಯನ್ನು ಕೊಟ್ಟಿರುತ್ತಾರೆ. ಅವಧಿಗೆ ಮುಂಚಿನ ಹೆರಿಗೆ, ಹುಟ್ಟಿದಾಗಿನ ಕಡಿಮೆ ತೂಕ, ಗರ್ಭಿಣಿಯ ಧೂಮಪಾನ ಇವು ಅಪಾಯವನ್ನು ಸ್ವಲ್ಪ ಹೆಚ್ಚಿಸುವ ಅಂಶಗಳು.

ಸಕ್ಕರೆಯ ಮಾತು ಬಹಳ ಹಳೆಯದು. ಮಕ್ಕಳಿಗೂ ತಂದೆತಾಯಿಗಳಿಗೂ ತಿಳಿಯದಂತೆ ಸಕ್ಕರೆಯನ್ನೋ ಸಿಹಿಯ ಬದಲಿ ಪದಾರ್ಥವನ್ನೋ ಕೊಟ್ಟು ಪರೀಕ್ಷಿಸಿದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 1995ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಮಕ್ಕಳ ನಡವಳಿಕೆಯ ಮೇಲೆ ಸಕ್ಕರೆಯ ಪರಿಣಾಮ ಕಂಡುಬರಲಿಲ್ಲ. ಕೆಲವು ಕೃತಕ ಬಣ್ಣಗಳಿಂದ ಕೆಲವು ಮಕ್ಕಳ ಚಡಪಡಿಕೆ ಸ್ವಲ್ಪ ಹೆಚ್ಚಬಹುದು ಎಂಬುದಕ್ಕೆ ಆಧಾರವಿದೆ. ಮೊಬೈಲಿನ ಕಥೆ ಬೇರೆ: ಅದು ರೋಗಕಾರಣವಲ್ಲದಿದ್ದರೂ ನಿದ್ದೆಯನ್ನು ಕದಿಯುತ್ತದೆ, ನಿದ್ದೆಗೆಟ್ಟ ಮಗುವಿನ ಎಡಿಎಚ್‌ಡಿ ಮಾರನೆಯ ದಿನ ಇಮ್ಮಡಿಯಾಗಿ ಕಾಣುತ್ತದೆ. ಬೆಳೆಸುವ ರೀತಿ ಕಾರಣವಲ್ಲ ಎಂದ ಮಾತ್ರಕ್ಕೆ ಅದಕ್ಕೆ ಬೆಲೆಯಿಲ್ಲ ಎಂದೂ ತಿಳಿಯಬಾರದು. ಮಗು ಮುಂದೆ ಹೇಗೆ ನಿಭಾಯಿಸುತ್ತದೆ ಎಂಬುದು ಬಹುಪಾಲು ಮನೆಯನ್ನೇ ಅವಲಂಬಿಸಿದೆ.

ಬೆಂಗಳೂರಿನಲ್ಲಿ ಯಾರ ಬಳಿಗೆ ಹೋಗಬೇಕು?

ಮೊದಲು ನಿಮ್ಮ ಮಗುವನ್ನು ಬಲ್ಲ ಮಕ್ಕಳ ವೈದ್ಯರ ಬಳಿಗೆ. ಅಲ್ಲಿಂದ ಮಕ್ಕಳ ಮನೋವೈದ್ಯರಿಗೋ ಬೆಳವಣಿಗೆಯ ತಜ್ಞರಾದ ಮಕ್ಕಳ ವೈದ್ಯರಿಗೋ ತೋರಿಸಬೇಕಾಗುತ್ತದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ರಾಜ್ಯದ ಮೂಲೆಮೂಲೆಗಳಿಂದ ಜನ ಬರುವ ಜಾಗವಾದ್ದರಿಂದ ಮೊದಲ ದಿನ ಪೂರ್ತಿ ಅಲ್ಲಿಯೇ ಕಳೆಯುವ ಸಿದ್ಧತೆಯಿಂದ, ಮಗುವಿಗೆ ತಿಂಡಿ, ನೀರು, ಬಣ್ಣದ ಪೆನ್ಸಿಲುಗಳೊಡನೆ ಹೋಗುವುದು ಲೇಸು. ಅದರ ನೆರೆಯಲ್ಲಿಯೇ ಸರ್ಕಾರದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಿದೆ. ಕೋರಮಂಗಲದ ಸೇಂಟ್ ಜಾನ್ಸ್ ಆಸ್ಪತ್ರೆಯಂಥ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿಯೂ ಮನೋವೈದ್ಯಕೀಯ ವಿಭಾಗಗಳಿವೆ. ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿದ್ದರೆ, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಈ ವಿಷಯವನ್ನು ಹೇಳಬಹುದು. ಆ ಕಾರ್ಯಕ್ರಮದ ತಪಾಸಣೆಯ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಸೇರಿದೆ.

ಬಡಾವಣೆಗೊಂದರಂತೆ ಥೆರಪಿ ಸೆಂಟರುಗಳು ತೆರೆದಿರುವ ಊರಿನಲ್ಲಿ ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು. ಮೌಲ್ಯಮಾಪನ ಮಾಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾಗಿರಬೇಕು; ಆ ಸಂಖ್ಯೆಯನ್ನು ಕೇಳಲು ಸಂಕೋಚಪಡಬೇಡಿ. ಮೊದಲ ಭೇಟಿಯಲ್ಲಿಯೇ ವರ್ಷದ ಪ್ಯಾಕೇಜು ಕಟ್ಟಿಸಿಕೊಳ್ಳಲು ಅವಸರಪಡಿಸುವ ಜಾಗದಿಂದ ಎದ್ದು ಬರುವುದೇ ಸರಿ.

ಸ್ಕ್ಯಾನಿನಲ್ಲಿ ಗೊತ್ತಾಗುತ್ತದೆಯೇ? ಪರೀಕ್ಷೆ ಹೇಗಿರುತ್ತದೆ?

ರಕ್ತಪರೀಕ್ಷೆಯಿಂದಾಗಲಿ ಮೆದುಳಿನ ಸ್ಕ್ಯಾನಿನಿಂದಾಗಲಿ ಎಡಿಎಚ್‌ಡಿಯನ್ನು ಗುರುತಿಸಲಾಗುವುದಿಲ್ಲ. ವೈದ್ಯರು ಗರ್ಭಾವಸ್ಥೆಯಿಂದ ಈವರೆಗಿನ ವಿವರಗಳನ್ನು ಕೇಳುತ್ತಾರೆ, ಮಗುವಿನೊಡನೆ ಮಾತನಾಡುತ್ತಾರೆ, ಮನೆಯವರಿಗೂ ಟೀಚರಿಗೂ ಪ್ರಶ್ನಾವಳಿಗಳನ್ನು ಕೊಡುತ್ತಾರೆ. ಕಣ್ಣು, ಕಿವಿ, ಥೈರಾಯ್ಡ್, ರಕ್ತಹೀನತೆ, ಗೊರಕೆಯಿಂದ ಕೆಡುವ ನಿದ್ದೆ, ಕ್ಷಣಕಾಲ ದಿಟ್ಟಿಸಿ ನಿಲ್ಲುವಂಥ ಮೂರ್ಛೆ ಇವುಗಳನ್ನು ತಳ್ಳಿಹಾಕಬೇಕಾಗುತ್ತದೆ, ಏಕೆಂದರೆ ಇವೆಲ್ಲ ಗಮನದ ತೊಂದರೆಯ ವೇಷ ಹಾಕಬಲ್ಲವು. ಬಿನೆ-ಕಾಮತ್‌ನಂಥ ಬುದ್ಧಿಮತ್ತೆಯ ಪರೀಕ್ಷೆಯನ್ನೂ, ಕಲಿಕೆಯ ತೊಂದರೆಗೆಂದು ನಿಮ್ಹಾನ್ಸ್ ರೂಪಿಸಿರುವ ಪರೀಕ್ಷೆಗಳನ್ನೂ ಮಾಡಬಹುದು. ಇವು ಎಡಿಎಚ್‌ಡಿಯನ್ನು ತೋರಿಸುವುದಕ್ಕಲ್ಲ, ಅದರ ಜೊತೆಗೆ ಇನ್ನೇನಾದರೂ ಇದೆಯೇ ಎಂದು ತಿಳಿಯುವುದಕ್ಕೆ. ಓದುಬರಹದ ತೊಂದರೆ, ಆತಂಕ, ಆಟಿಸಂ ಇವು ಎಡಿಎಚ್‌ಡಿಯ ಜೊತೆಗೂಡಿ ಬರುವುದು ಅಪರೂಪವಲ್ಲ. ಹೋಗುವಾಗ ಹಿಂದಿನ ವರ್ಷಗಳ ಅಂಕಪಟ್ಟಿ, ಶಾಲೆಯ ಡೈರಿ, ಒಂದೆರಡು ನೋಟ್‌ಬುಕ್ಕುಗಳನ್ನು ಚೀಲಕ್ಕೆ ಹಾಕಿಕೊಳ್ಳಿ.

ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಇದರಿಂದ ಗೊಂದಲವಾಗಿರಬಹುದೇ? ಮನೆಯಲ್ಲಿಯೂ ಇಂಗ್ಲಿಷೇ ಮಾತನಾಡಬೇಕೇ?

ಎರಡು ಭಾಷೆಗಳಿಂದ ಎಡಿಎಚ್‌ಡಿ ಬರುವುದಿಲ್ಲ, ಕನ್ನಡ ಬಿಟ್ಟರೆ ಅದು ಹೋಗುವುದೂ ಇಲ್ಲ. ಪಾಠದ ಭಾಷೆಯೇ ಅರ್ಥವಾಗದೆ ಮಗು ಚಡಪಡಿಸುತ್ತಿದೆಯೇ ಎಂಬುದನ್ನು ಮಾತ್ರ ನೋಡಬೇಕು. ಕನ್ನಡದಲ್ಲಿ ಕಥೆ ಹೇಳಿದಾಗ ಕೊನೆಯವರೆಗೂ ಕೇಳಿ, ಇಂಗ್ಲಿಷ್ ಪಾಠದಲ್ಲಿ ಮಾತ್ರ ಅತ್ತಿತ್ತ ನೋಡುವ ಮಗುವಿನ ತೊಂದರೆ ಬೇರೆಯೇ ಇರಬಹುದು. ಇದನ್ನು ತಜ್ಞರಿಗೆ ಹೇಳಿ, ಮತ್ತು ಮಾತುಕತೆ ಮಗುವಿಗೆ ಸಲೀಸಾದ ಭಾಷೆಯಲ್ಲಿ ನಡೆಯಲಿ ಎಂದು ಕೇಳಿಕೊಳ್ಳಿ.

ಮಾತ್ರೆ ಕೊಡಲೇಬೇಕೇ? ಅಭ್ಯಾಸವಾಗಿಬಿಡುವುದಿಲ್ಲವೇ?

ಆರು ವರ್ಷದೊಳಗಿನ ಮಕ್ಕಳಲ್ಲಿ ಮೊದಲ ಹೆಜ್ಜೆ ಔಷಧವಲ್ಲ. ಮಗುವಿನ ನಡವಳಿಕೆಯನ್ನು ನಿಭಾಯಿಸುವ ಬಗೆಯನ್ನು ತಂದೆತಾಯಿಗಳಿಗೆ ಕಲಿಸುವ ತರಬೇತಿ. ಅದಕ್ಕಿಂತ ದೊಡ್ಡ ಮಕ್ಕಳಲ್ಲಿ ತೊಂದರೆಯ ತೀವ್ರತೆಯನ್ನು ನೋಡಿ ವೈದ್ಯರು ಔಷಧವನ್ನು ಸೂಚಿಸುತ್ತಾರೆ, ಮತ್ತು ಅದು ಬೇಕಾದ ಮಗುವಿಗೆ ಅದನ್ನು ತಪ್ಪಿಸುವುದು ದಯೆಯೇನಲ್ಲ ಎಂಬುದು ನಮ್ಮ ಅಭಿಪ್ರಾಯ.

ಹೆಚ್ಚಾಗಿ ಬಳಸುವ ಔಷಧ ಮೀಥೈಲ್‌ಫೆನಿಡೇಟ್. 1944ರಲ್ಲಿ ಮೊದಲು ತಯಾರಾದ ಇದು 1950ರ ದಶಕದಿಂದ ಬಳಕೆಯಲ್ಲಿದೆ, ಆದ್ದರಿಂದ ‘ಹೊಸ ಔಷಧ, ಏನಾಗುತ್ತದೋ’ ಎಂಬ ಭಯಕ್ಕೆ ಆಧಾರವಿಲ್ಲ. ಮೆದುಳಿನಲ್ಲಿ ಡೋಪಮೈನ್ ಮತ್ತು ನಾರ್‌ಎಪಿನೆಫ್ರಿನ್ ಎಂಬ ರಾಸಾಯನಿಕಗಳು ಬೇಗನೆ ಹಿಂದಕ್ಕೆ ಹೀರಿಹೋಗದಂತೆ ತಡೆಯುವುದು ಇದರ ಕೆಲಸ. ಸಾಮಾನ್ಯ ಮಾತ್ರೆಯ ಪರಿಣಾಮ ಮೂರು ನಾಲ್ಕು ಗಂಟೆ, ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯದು ಎಂಟರಿಂದ ಹನ್ನೆರಡು ಗಂಟೆ. ಇದು ಒಗ್ಗದವರಿಗೆ ಆಟೊಮೊಕ್ಸೆಟಿನ್ ಇದೆ, ಆದರೆ ಅದರ ಪೂರ್ಣ ಪರಿಣಾಮ ತಿಳಿಯಲು ಹಲವು ವಾರಗಳು ಬೇಕು.

ಅಡ್ಡಪರಿಣಾಮಗಳಲ್ಲಿ ಪೋಷಕರನ್ನು ಹೆಚ್ಚು ಕಾಡುವುದು ಹಸಿವು ಕಡಿಮೆಯಾಗುವುದು. ಮಧ್ಯಾಹ್ನದ ಡಬ್ಬಿ ಹಾಗೆಯೇ ವಾಪಸು ಬರುತ್ತದೆ. ಇದಕ್ಕೆ ಅನುಭವಿಗಳು ಕಂಡುಕೊಂಡಿರುವ ದಾರಿ ಸರಳ: ಬೆಳಿಗ್ಗೆ ಮಾತ್ರೆಗೆ ಮುಂಚೆಯೇ ಹೊಟ್ಟೆ ತುಂಬ ದೋಸೆಯೋ ರಾಗಿ ರೊಟ್ಟಿಯೋ ತಿನ್ನಿಸುವುದು, ಸಂಜೆ ಪರಿಣಾಮ ಇಳಿದ ಮೇಲೆ ಹಸಿವು ಮರಳಿದಾಗ ಚಿಪ್ಸಿನ ಬದಲು ಊಟವನ್ನೇ ಬಡಿಸುವುದು. ನಿದ್ದೆ ಬರುವುದು ತಡವಾಗಬಹುದು, ತಲೆನೋವು ಅಥವಾ ಹೊಟ್ಟೆನೋವು ಮೊದಲ ದಿನಗಳಲ್ಲಿ ಬರಬಹುದು. ಎತ್ತರದ ಮೇಲೆ ಸಣ್ಣ ಪರಿಣಾಮ ಸಾಧ್ಯ. ಆದ್ದರಿಂದಲೇ ಪ್ರತಿ ಭೇಟಿಯಲ್ಲಿ ಎತ್ತರ, ತೂಕ, ನಾಡಿ, ರಕ್ತದೊತ್ತಡಗಳನ್ನು ನೋಡುತ್ತಾರೆ. ಕುಟುಂಬದಲ್ಲಿ ಹೃದಯದ ತೊಂದರೆಯೋ ಚಿಕ್ಕ ವಯಸ್ಸಿನ ಹಠಾತ್ ಸಾವೋ ಇದ್ದರೆ ಮೊದಲೇ ಹೇಳಬೇಕು. ಮಗು ಮಂಕಾಗಿ, ಗೊಂಬೆಯಂತೆ ಕೂತಿದ್ದರೆ ಅದು ಔಷಧದ ಯಶಸ್ಸಲ್ಲ, ಪ್ರಮಾಣ ಹೆಚ್ಚಾಗಿದೆ ಎಂಬ ಸೂಚನೆ. ತಕ್ಷಣ ವೈದ್ಯರಿಗೆ ತಿಳಿಸಿ.

ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡ ಮಕ್ಕಳು ಮುಂದೆ ಮಾದಕ ವಸ್ತುಗಳಿಗೆ ದಾಸರಾಗುವ ಸಂಭವ ಇದರಿಂದ ಹೆಚ್ಚುವುದಿಲ್ಲ ಎಂದು ದೀರ್ಘಕಾಲದ ಅಧ್ಯಯನಗಳು ತೋರಿಸಿವೆ. ಆದರೂ ಮೀಥೈಲ್‌ಫೆನಿಡೇಟ್ ಕಾನೂನಿನ ಬಿಗಿ ನಿಯಂತ್ರಣದಲ್ಲಿರುವ ಔಷಧ. ಚೀಟಿಯ ಎರಡು ಪ್ರತಿಗಳು ಬೇಕು, ಎಲ್ಲ ಮೆಡಿಕಲ್ ಸ್ಟೋರುಗಳಲ್ಲಿಯೂ ಸಿಗುವುದಿಲ್ಲ. ಕೊನೆಯ ಮಾತ್ರೆ ಮುಗಿದ ರಾತ್ರಿ ಮಳೆಯಲ್ಲಿ ಜಯನಗರದಿಂದ ರಾಜಾಜಿನಗರದವರೆಗೆ ಅಂಗಡಿ ಅಂಗಡಿ ಅಲೆಯುವ ಬದಲು ವಾರ ಮುಂಚೆಯೇ ತಂದಿಟ್ಟುಕೊಳ್ಳಿ, ಮತ್ತು ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಬ್ರಾಹ್ಮಿ, ಒಮೆಗಾ-3, ಮಿಡ್‌ಬ್ರೈನ್ ತರಬೇತಿ ಇವುಗಳಿಂದ ಗುಣವಾಗುತ್ತದೆಯೇ?

ಒಮೆಗಾ-3ರಿಂದ ಆಗುವ ಲಾಭ ಬಹಳ ಸಣ್ಣದು. ಬ್ರಾಹ್ಮಿಯು ವೈದ್ಯರ ಔಷಧಕ್ಕೆ ಬದಲಿಯಾಗಬಲ್ಲದು ಎನ್ನಲು ಸಾಕಷ್ಟು ಆಧಾರವಿಲ್ಲ. ಕೊಡುವುದಾದರೆ ವೈದ್ಯರಿಗೆ ತಿಳಿಸಿಯೇ ಕೊಡಬೇಕು. ಕಣ್ಣು ಕಟ್ಟಿ ಬಣ್ಣ ಗುರುತಿಸುವ ಮಿಡ್‌ಬ್ರೈನ್ ತರಗತಿಗಳಿಗೆ ಹಣ ಸುರಿಯಬೇಡಿ.

ಮನೆಯಲ್ಲಿ ನಾವು ಏನು ಮಾಡಬೇಕು?

ಮಾತಿನಿಂದ ಆರಂಭಿಸೋಣ. ಅಡುಗೆಮನೆಯಿಂದ ‘ಬೇಗ ರೆಡಿಯಾಗೋ, ವ್ಯಾನ್ ಬರುತ್ತೆ’ ಎಂದು ಕೂಗುವುದು ಕೇಳುವವರಿಗೆ ಒಂದು ಮಾತು; ಆದರೆ ಅದರಲ್ಲಿ ಹಲ್ಲುಜ್ಜುವುದು, ಸ್ನಾನ, ಸಮವಸ್ತ್ರ, ಐಡಿ ಕಾರ್ಡು, ನೀರಿನ ಬಾಟಲಿ, ಶೂ ಎಂಬ ಆರು ಕೆಲಸಗಳು ಅಡಗಿವೆ. ಎಡಿಎಚ್‌ಡಿ ಇರುವ ಮಗುವಿನ ತಲೆಯಲ್ಲಿ ಎರಡನೆಯದು ಬರುವ ಹೊತ್ತಿಗೆ ಮೊದಲನೆಯದು ಜಾರಿರುತ್ತದೆ. ಹತ್ತಿರ ಹೋಗಿ, ಹೆಗಲ ಮೇಲೆ ಕೈಯಿಟ್ಟು, ಕಣ್ಣು ಕೂಡಿದ ಮೇಲೆ ಒಂದೇ ಕೆಲಸ ಹೇಳಿ. ಅದು ಮುಗಿದ ಮೇಲೆ ಇನ್ನೊಂದು. ದಿನವೂ ಹೇಳಬೇಕಾದುದನ್ನು ಚಿತ್ರಗಳಾಗಿ ಬರೆದು ಬಚ್ಚಲುಮನೆಯ ಬಾಗಿಲಿಗೆ ಅಂಟಿಸಿದರೆ ಗೋಡೆಯೇ ನೆನಪಿಸುತ್ತದೆ, ನಿಮ್ಮ ಗಂಟಲು ಉಳಿಯುತ್ತದೆ. ಸ್ಕೂಲ್ ಬ್ಯಾಗಿನ ಜಾಗ ಓದುವ ಮೇಜಲ್ಲ, ಬಾಗಿಲ ಬಳಿಯ ಚಪ್ಪಲಿ ಸ್ಟ್ಯಾಂಡಿನ ಪಕ್ಕ. ರಾತ್ರಿಯೇ ಅಲ್ಲಿ ಕೂತಿರಬೇಕು.

ಎರಡನೆಯದು ಫಲದ ವಿಷಯ. ‘ವರ್ಷದ ಕೊನೆಯಲ್ಲಿ ಫಸ್ಟ್ ಕ್ಲಾಸ್ ಬಂದರೆ ಸೈಕಲ್’ ಎಂಬ ಆಸೆ ಈ ಮಗುವಿನ ಮಟ್ಟಿಗೆ ಮುಂದಿನ ಜನ್ಮದ ಮಾತು. ಫಲ ಸಣ್ಣದಿರಲಿ, ಇವತ್ತೇ ಸಿಗಲಿ. ಒಂದು ಗಾಜಿನ ಡಬ್ಬಿ, ಒಂದು ಬಟ್ಟಲು ಹುಣಸೆಬೀಜ ಸಾಕು. ಕರೆದ ತಕ್ಷಣ ಬಂದರೆ ಒಂದು ಬೀಜ, ಹೋಮ್‌ವರ್ಕಿನ ಒಂದು ಪುಟ ಮುಗಿದರೆ ಒಂದು ಬೀಜ; ಹತ್ತಾದರೆ ಅಪ್ಪನೊಡನೆ ಒಂದು ಆಟ ಚೌಕಾಬಾರ, ಅಥವಾ ಭಾನುವಾರ ಕಬ್ಬನ್ ಪಾರ್ಕಿಗೆ ಹೋಗುವ ಹಕ್ಕು. ಮೊದಲ ವಾರಗಳಲ್ಲಿ ಬೀಜ ಕೊಡುವುದು ಮಾತ್ರ ಇರಲಿ, ಕೋಪದಲ್ಲಿ ಕಿತ್ತುಕೊಳ್ಳುವುದು ಬೇಡ. ಮೂರು ವಾರದಲ್ಲಿ ಈ ಆಟ ಹಳಸುತ್ತದೆ. ಆಗ ಬೀಜ ಬದಲಿಸಿ, ಫಲ ಬದಲಿಸಿ. ‘ಎಲ್ಲಾ ಮಾಡಿ ನೋಡಿದೆವು, ಯಾವುದೂ ನಡೆಯಲಿಲ್ಲ’ ಎನ್ನುವವರಲ್ಲಿ ಹೆಚ್ಚಿನವರು ಇಲ್ಲಿಯೇ ಕೈಬಿಟ್ಟಿರುತ್ತಾರೆ. ಹೊಸತನ ಬೇಡುವುದೇ ಈ ಮೆದುಳಿನ ಸ್ವಭಾವವಾದ್ದರಿಂದ ಹಳಸಿದ್ದು ಸೋಲಲ್ಲ.

ಹೊಗಳಿಕೆಯೂ ಫಲವೇ. ಆದರೆ ‘ಜಾಣ ಮರಿ’ ಎಂದರೆ ಯಾವುದಕ್ಕೆ ಎಂದು ಮಗುವಿಗೆ ತಿಳಿಯುವುದಿಲ್ಲ. ‘ತಂಗಿ ಕಿತ್ತುಕೊಂಡಾಗ ಹೊಡೆಯದೆ ನನ್ನನ್ನು ಕರೆದೆ’ ಎಂದರೆ ತಿಳಿಯುತ್ತದೆ.

ಹೋಮ್‌ವರ್ಕ್ ಹತ್ತು ಹದಿನೈದು ನಿಮಿಷದ ತುಂಡುಗಳಲ್ಲಿ ಸಾಗಲಿ, ಗಡಿಯಾರ ಕಣ್ಣಿಗೆ ಕಾಣುವಂತಿರಲಿ, ನಡುವೆ ಎದ್ದು ಓಡಾಡಲು ಬಿಡಿ. ಅಡುಗೆಕಟ್ಟೆಯ ಬಳಿ ನಿಂತು ಬರೆದರೂ ಅಕ್ಷರ ಅಕ್ಷರವೇ. ಎರಡು ಗಂಟೆ ಶಾಲಾ ಬಸ್ಸಿನಲ್ಲಿ ಕುಲುಕಾಡಿ ಬಂದ ಮಗುವನ್ನು ನೇರವಾಗಿ ಟ್ಯೂಷನ್ನಿಗೆ ತಳ್ಳುವುದು ಈ ಊರಿನ ರೂಢಿ, ಮತ್ತು ಇದು ಎಡಿಎಚ್‌ಡಿ ಇರುವ ಮಗುವಿಗೆ ಮಾಡುವ ದೊಡ್ಡ ಅನ್ಯಾಯ. ಆ ಹೊತ್ತಿಗೆ ಬೇಕಾದದ್ದು ಮೈ ದಣಿಯುವ ಆಟ: ಈಜು, ಸೈಕಲ್, ಕುಂಟೆಬಿಲ್ಲೆ, ಏನಾದರೂ ಸರಿ. ಕೆಳಗಿನ ಮನೆಯವರು ಸದ್ದಿನ ಬಗ್ಗೆ ದೂರುವ ಅಪಾರ್ಟ್‌ಮೆಂಟಿನಲ್ಲಿ ಇದ್ದರಂತೂ ಮಗುವನ್ನು ದಿನಕ್ಕೊಮ್ಮೆ ಮಣ್ಣಿನ ನೆಲಕ್ಕೆ ಇಳಿಸಲೇಬೇಕು. ಮಲಗುವುದಕ್ಕೆ ಒಂದು ಗಂಟೆ ಮುಂಚೆ ಪರದೆಗಳೆಲ್ಲ ಆರಬೇಕು; ದೊಡ್ಡವರವೂ ಆರಿದರೆ ಮಾತ್ರ ಇದು ನಡೆಯುತ್ತದೆ.

ಎರಡು ಏಟು ಕೊಟ್ಟರೆ ಸರಿಹೋಗುತ್ತಾನೆ ಎನ್ನುತ್ತಾರೆ. ನಿಜವೇ?

ಏಟಿಗೆ ಮಗು ಆ ಕ್ಷಣಕ್ಕೆ ನಿಲ್ಲುತ್ತದೆ, ಅದಕ್ಕಾಗಿಯೇ ಇದು ಫಲಿಸಿತು ಎನಿಸುತ್ತದೆ. ಮುಂದಿನ ಸಲ ದುಡುಕುವ ಗಳಿಗೆಯಲ್ಲಿ ಆ ಏಟಿನ ನೆನಪು ಒದಗಿಬರುವುದಿಲ್ಲ. ನೆನಪು ಹೊತ್ತಿಗೆ ಒದಗದಿರುವುದೇ ಅದರ ತೊಂದರೆ. ಉಳಿಯುವುದು ಹೆದರಿಕೆ, ಸುಳ್ಳು, ಹಠ. ಮಗು ಸಿಟ್ಟಿನ ಉತ್ತುಂಗದಲ್ಲಿದ್ದಾಗ ಬುದ್ಧಿಮಾತನ್ನೂ ಹೇಳಬೇಡಿ. ತಣ್ಣಗಾದ ಮೇಲೆ, ಎರಡೇ ವಾಕ್ಯದಲ್ಲಿ ಹೇಳಿ ಮುಗಿಸಿ.

ಶಾಲೆಗೆ ತಿಳಿಸಬೇಕೇ? ತಿಳಿಸಿದರೆ ಟಿ.ಸಿ. ಕೊಟ್ಟುಬಿಟ್ಟರೆ?

ಈ ಭಯ ಸುಳ್ಳಲ್ಲ. ಆದರೂ ತಿಳಿಸುವುದೇ ಮೇಲು, ಏಕೆಂದರೆ ಈ ತೊಂದರೆಯ ಹೆಸರು ತಿಳಿಯದ ಟೀಚರು ಮಗುವಿಗೆ ಬೇರೊಂದು ಹೆಸರನ್ನು ಈಗಾಗಲೇ ಇಟ್ಟಿರುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೆಯ ಕಲಮು ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ, ಅಂದರೆ ಎಂಟನೆಯ ತರಗತಿಯವರೆಗೆ, ಮಗುವನ್ನು ಶಾಲೆಯಿಂದ ಹೊರಹಾಕುವುದನ್ನು ನಿಷೇಧಿಸುತ್ತದೆ. 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಚಿಕಿತ್ಸೆಯ ವಿವರ ಗುಟ್ಟಾಗಿರಬೇಕೆಂಬ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟಿದೆ, ಆದ್ದರಿಂದ ಆಸ್ಪತ್ರೆಯ ಇಡೀ ವರದಿಯನ್ನು ಶಾಲೆಗೆ ಕೊಡುವ ಅಗತ್ಯವಿಲ್ಲ. ಒಂದು ಪುಟದ ಪತ್ರ ಸಾಕು.

ಕಾಯ್ದೆಯ ಹಾಳೆ ಹಿಡಿದು ಹೋಗುವುದಕ್ಕಿಂತ, ಟೀಚರಿಗೆ ಖರ್ಚಿಲ್ಲದ ಮೂರು ನಾಲ್ಕು ಕೋರಿಕೆಗಳೊಡನೆ ಹೋಗುವುದು ಹೆಚ್ಚು ಫಲ ಕೊಡುತ್ತದೆ. ಮುಂದಿನ ಬೆಂಚಿನಲ್ಲಿ, ಕಿಟಕಿ ಬಾಗಿಲುಗಳಿಂದ ದೂರ, ಶಾಂತ ಸ್ವಭಾವದ ಮಗುವಿನ ಪಕ್ಕ ಕೂರಿಸುವುದು. ಬೋರ್ಡ್ ಒರೆಸುವ, ಪುಸ್ತಕ ಹಂಚುವ, ಸ್ಟಾಫ್ ರೂಮಿಗೆ ಹಾಜರಿ ಪುಸ್ತಕ ಒಯ್ಯುವ ಕೆಲಸಗಳನ್ನು ಕೊಟ್ಟು, ಏಳಲು ಗೌರವದ ಕಾರಣವೊಂದನ್ನು ಒದಗಿಸುವುದು. ಕೊನೆಯ ಪೀರಿಯಡ್ಡಿನಲ್ಲಿ ಡೈರಿ ಬರೆದಿದೆಯೇ ಎಂದು ಒಮ್ಮೆ ನೋಡುವುದು. ಶಿಕ್ಷೆಯೆಂದು ಆಟದ ಪೀರಿಯಡ್ಡನ್ನು ಕಿತ್ತುಕೊಳ್ಳದಿರುವುದು. ಈ ಮಗುವಿನಿಂದ ಆಟ ಕಿತ್ತುಕೊಂಡರೆ ಮುಂದಿನ ಪೀರಿಯಡ್ಡಿನಲ್ಲಿ ಅದರ ಫಲ ಉಣ್ಣುವವರು ಇನ್ನೊಬ್ಬ ಟೀಚರು.

ಮಗುವಿನ ಜೊತೆ ಕೂರಲು ಶ್ಯಾಡೋ ಟೀಚರನ್ನು ಪೋಷಕರ ಖರ್ಚಿನಲ್ಲಿ ನೇಮಿಸಿಕೊಳ್ಳುವಂತೆ ಕೆಲವು ಖಾಸಗಿ ಶಾಲೆಗಳು ಕೇಳುತ್ತವೆ. ಎಡಿಎಚ್‌ಡಿ ಮಾತ್ರ ಇರುವ ಬಹುಪಾಲು ಮಕ್ಕಳಿಗೆ ಇದು ಬೇಡ. ಒಪ್ಪುವ ಮೊದಲು ನಿಮ್ಮ ತಜ್ಞರ ಅಭಿಪ್ರಾಯ ಕೇಳಿ.

ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ ಸಿಗುತ್ತದೆಯೇ? ಸರ್ಟಿಫಿಕೇಟ್ ಮಾಡಿಸಬೇಕೇ?

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ಎಡಿಎಚ್‌ಡಿಯ ಹೆಸರು ಪ್ರತ್ಯೇಕವಾಗಿ ಇಲ್ಲ. ನಿರ್ದಿಷ್ಟ ಕಲಿಕಾ ತೊಂದರೆಯ ಹೆಸರಿದೆ. ಎರಡೂ ಇರುವ ಮಕ್ಕಳು ಕಲಿಕಾ ತೊಂದರೆಯ ಪ್ರಮಾಣಪತ್ರದ ಮೂಲಕ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಮುಂತಾದ ಸೌಲಭ್ಯಗಳನ್ನು ಕೇಳಬಹುದು. ಹತ್ತನೆಯ ತರಗತಿಯ ಜನವರಿಯಲ್ಲಿ ಓಡಾಡಿದರೆ ಕೆಲಸವಾಗುವುದಿಲ್ಲ. ಎಂಟನೆಯ ತರಗತಿಯಲ್ಲಿಯೇ ಮೌಲ್ಯಮಾಪನ ಮುಗಿಸಿ, ಆ ವರ್ಷದ ನಿಯಮಗಳನ್ನು ಮುಖ್ಯೋಪಾಧ್ಯಾಯರಿಂದ ಬರಹದಲ್ಲಿ ತಿಳಿದುಕೊಳ್ಳಿ.

ಮಗುವಿಗೇ ಹೇಳಬೇಕೇ? ನೆಂಟರಿಗೆ ಏನು ಹೇಳುವುದು?

ಮಗುವಿಗೆ ಹೇಳಬೇಕು, ಅದರ ವಯಸ್ಸಿನ ಮಾತಿನಲ್ಲಿ. ‘ನಿನ್ನ ತಲೆ ಬಹಳ ಜೋರಾಗಿ ಓಡುವ ಬೈಕು, ಬ್ರೇಕು ಸ್ವಲ್ಪ ಸಡಿಲ, ಬ್ರೇಕು ಹಿಡಿಯುವುದನ್ನು ಎಲ್ಲರೂ ಸೇರಿ ಕಲಿಯೋಣ’ ಎಂದರೆ ಎಂಟು ವರ್ಷದ ಮಗುವಿಗೆ ಅರ್ಥವಾಗುತ್ತದೆ. ನಾವು ಹೇಳದಿದ್ದರೆ ತಾನು ಕೆಟ್ಟ ಹುಡುಗನೆಂಬ ವಿವರಣೆಯನ್ನು ಅದು ತಾನೇ ಕಂಡುಕೊಳ್ಳುತ್ತದೆ. ನೆಂಟರೆಲ್ಲರಿಗೂ ವಿವರಿಸುವ ಹೊಣೆ ನಿಮಗಿಲ್ಲ. ಮನೆಯಲ್ಲಿಯೇ ಇರುವ ಅಜ್ಜ ಅಜ್ಜಿಯರನ್ನು ಮಾತ್ರ ಒಮ್ಮೆ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ಸೊಸೆಯೋ ಮಗನೋ ಹೇಳಿದರೆ ಒಪ್ಪದ ಮಾತನ್ನು ಡಾಕ್ಟರ ಬಾಯಿಂದ ಕೇಳಿದರೆ ಒಪ್ಪುತ್ತಾರೆ. ದೃಷ್ಟಿ ತೆಗೆಯುತ್ತೇವೆ ಎಂದರೆ ತೆಗೆಯಲಿ ಬಿಡಿ, ಚಿಕಿತ್ಸೆಗೆ ಅಡ್ಡಿಯಾಗದಿದ್ದರೆ ಸಾಕು.

ನನಗೇ ಸಾಕಾಗಿಹೋಗಿದೆ. ಮಗುವಿನ ಮೇಲೆ ಕೂಗಾಡಿ ಆಮೇಲೆ ಅಳುತ್ತೇನೆ.

ಇದು ಪ್ರಶ್ನೆಯ ರೂಪದಲ್ಲಿ ಬರುವುದಿಲ್ಲ, ಆದರೆ ಪ್ರತಿ ಭೇಟಿಯ ಕೊನೆಗೆ ಬಾಗಿಲ ಬಳಿ ನಿಂತು ತಾಯಂದಿರು ಹೇಳುವ ಮಾತು ಇದೇ. ಹೋಮ್‌ವರ್ಕನ್ನು ಒಬ್ಬರೇ ಹೊರಬೇಡಿ. ವಾರದಲ್ಲಿ ಎರಡು ಸಂಜೆ ಅದು ತಂದೆಯ ಪಾಲಿಗಿರಲಿ. ಒಡಹುಟ್ಟಿದ ಮಗುವಿಗೆ ದಿನಕ್ಕೆ ಹದಿನೈದು ನಿಮಿಷವಾದರೂ ನೀವು ಪೂರ್ತಿ ಸಿಗಬೇಕು, ಏಕೆಂದರೆ ತೊಂದರೆ ಕೊಡದ ಮಗುವೇ ಇಂಥ ಮನೆಯಲ್ಲಿ ಮೊದಲು ಮರೆತುಹೋಗುತ್ತದೆ. ದುಃಖ, ನಿದ್ರಾಹೀನತೆ ವಾರಗಟ್ಟಲೆ ಬಿಡದಿದ್ದರೆ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಈ ಟೆಲಿ-ಮಾನಸ್ ಸಹಾಯವಾಣಿ ಉಚಿತ, ಹಗಲು ರಾತ್ರಿ ಲಭ್ಯ, ಕನ್ನಡದಲ್ಲಿಯೂ ಮಾತನಾಡಬಹುದು.

ದೊಡ್ಡವನಾದ ಮೇಲೆ ತಾನಾಗಿಯೇ ಹೋಗುತ್ತದೆಯೇ?

ಓಡಾಟ, ಜಿಗಿದಾಟ ಹದಿಹರೆಯದ ಹೊತ್ತಿಗೆ ಸಾಮಾನ್ಯವಾಗಿ ಇಳಿಯುತ್ತವೆ. ಗಮನದ ತೊಂದರೆ, ಕೆಲಸ ಮುಂದೂಡುವುದು, ಒಳಗಿನ ಚಡಪಡಿಕೆ ಇವು ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಯಾವುದಾದರೊಂದು ಪ್ರಮಾಣದಲ್ಲಿ ದೊಡ್ಡವರಾದ ಮೇಲೂ ಉಳಿಯುತ್ತವೆ. ಇಂಥವರು ಒಗ್ಗುವ ಕೆಲಸ ಸಿಕ್ಕರೆ ಚೆನ್ನಾಗಿಯೇ ಬದುಕುತ್ತಾರೆ.

ಹದಿನೆಂಟು ತುಂಬಿದ ಕೂಡಲೇ ಬರುವ ಬೈಕಿನ ಬೇಡಿಕೆಯ ಬಗ್ಗೆ ಮಾತ್ರ ಮುಂಚೆಯೇ ಯೋಚಿಸಿಡಿ. ಎಡಿಎಚ್‌ಡಿ ಇರುವ ಯುವಕರಲ್ಲಿ ರಸ್ತೆ ಅಪಘಾತಗಳು ಹೆಚ್ಚು, ಮತ್ತು ಔಷಧ ತೆಗೆದುಕೊಳ್ಳುತ್ತಿದ್ದ ಅವಧಿಗಳಲ್ಲಿ ಗಂಡಸರ ಗಂಭೀರ ಅಪಘಾತಗಳು ಕಡಿಮೆಯಾಗಿದ್ದವೆಂದು ಸ್ವೀಡನ್ನಿನ ದಾಖಲೆಗಳನ್ನು ಆಧರಿಸಿದ ಅಧ್ಯಯನವೊಂದು ತೋರಿಸಿದೆ. ಬೇಡ ಎಂದು ಜಗಳವಾಡುವ ಬದಲು ಒಂದಷ್ಟು ಕಾಲ ಜೊತೆಯಲ್ಲಿ ಕೂತು ಓಡಿಸಲು ಕಲಿಸಿ, ಫೋನು ಬ್ಯಾಗಿನೊಳಗೇ ಇರಬೇಕೆಂಬ ಷರತ್ತನ್ನು ಹಾಕಿ. ಸಂಜೆ ಏಳರ ಸಿಲ್ಕ್ ಬೋರ್ಡ್ ಜಂಕ್ಷನ್ ಮೊದಲ ಪಾಠದ ಜಾಗವಾಗದಿರಲಿ.